ಗೈಡ್ ಮನೆಯ ಹಿತ್ತಲು

ಅಮೂಲ್ಯ ಓದುವುದಕ್ಕೆ ಆ ಮನೆಯಲ್ಲಿ ಯಾರೂ ಅಡ್ಡಿ ಮಾಡಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಆಮೇಲೆ ಆ ಮನೆಯವರೆಲ್ಲ ಇದೊಂದೇ ಮಾತನ್ನು ಹೇಳಿಕೊಂಡು ತಿರುಗಿದರು. ಭದ್ರಾವತಿಯ ಓಲ್ಡ್ ಟೌನಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ ಮಾವ ಚಂದ್ರಶೇಖರಪ್ಪನವರು ಹೂಂ ಅಂದಿದ್ದರು. ಸಹಕಾರಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ಗಂಡ ಜ್ಞಾನೇಶನೂ ಹೂಂ ಅಂದಿದ್ದ. ಅತ್ತೆ ಜಗದಾಂಬಾ ಮಾತ್ರ, "ಓದ್ಲಿ, ಯಾರು ಬೇಡ ಅಂದ್ರು? ಮನೆ ಕೆಲ್ಸ ಮುಗಿಸ್ಕೊಂಡು ಓದ್ಲಿ" ಅಂದಿದ್ದರು. ಆ ಮನೆಯಲ್ಲಿ ಕೆಲಸ ಮುಗಿದದ್ದನ್ನು ಮಾತ್ರ ಯಾರೂ ಕಂಡವರಿಲ್ಲ.

ಊರಿನ ಒಂದು ಖಾಸಗಿ ಕಾಲೇಜಿನಲ್ಲಿ ಅಮೂಲ್ಯ ಸಮಾಜಶಾಸ್ತ್ರದ ಪಾರ್ಟ್ ಟೈಮ್ ಲೆಕ್ಚರರ್. ವರ್ಷ ವರ್ಷವೂ ಮಾರ್ಚಿನಲ್ಲಿ ಕೆಲಸ ಬಿಡಿಸಿ ಜುಲೈನಲ್ಲಿ ಮತ್ತೆ ಕರೆಯುತ್ತಿದ್ದರು. ಪಿಎಚ್.ಡಿ. ಪ್ರಬಂಧ ಒಪ್ಪಿಸಿದ ಪತ್ರ ತಂದರೆ ಈ ಸಲ ಕಾಯಂ ಮಾಡುತ್ತೇವೆ, ಇಲ್ಲದಿದ್ದರೆ ಬೇರೆಯವರು ಕಾಯುತ್ತಿದ್ದಾರೆ ಎಂದು ಕಾಲೇಜಿನ ಕಾರ್ಯದರ್ಶಿ ಹೇಳಿಯಾಗಿತ್ತು. ಅವಳು ದೂರಶಿಕ್ಷಣದಲ್ಲಿ ಹೆಸರು ನೋಂದಾಯಿಸಿ ಐದು ವರ್ಷ ಆಗಿತ್ತು. ಒಮ್ಮೆ ಅವಧಿ ವಿಸ್ತರಿಸಿಯೂ ಕೊಟ್ಟಿದ್ದರು, ಇನ್ನೊಮ್ಮೆ ಕೊಡುವುದಿಲ್ಲ. ಎರಡು ಸಾವಿರದ ನಾಲ್ಕನೇ ಇಸವಿಯ ಮೇ ಕೊನೆಯೊಳಗೆ ಪ್ರಬಂಧ ಒಪ್ಪಿಸದಿದ್ದರೆ ಎಲ್ಲ ರದ್ದು.

ಪ್ರಬಂಧವೇನೋ ಬರೆದು, ಟೈಪಾಗಿ, ಬೈಂಡ್ ಕೂಡ ಆಗಿತ್ತು. ಬೇಕಾಗಿದ್ದದ್ದು ಗೈಡ್ ಸಹಿ ಒಂದೇ. ದೂರಶಿಕ್ಷಣ ಅಂದರೆ ವಿಶ್ವವಿದ್ಯಾಲಯ ದೂರ, ಗೈಡ್ ಹತ್ತಿರ. ಹತ್ತಿರ ಇರುವವರದೇ ದರ್ಬಾರು.

ಏಪ್ರಿಲ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಅಮೂಲ್ಯ ಅಕ್ಕಿರೊಟ್ಟಿ ತಟ್ಟುತ್ತಿದ್ದಳು. ಕೈಗಡಿಯಾರ ಬಿಚ್ಚಿ ಅಡುಗೆಮನೆ ಕಿಟಕಿಯ ಮೇಲಿಟ್ಟಿದ್ದಳು. ಎಂ.ಎ. ಪಾಸಾದಾಗ ಅವಳ ಅಪ್ಪ ಕೊಡಿಸಿದ ಎಚ್‌ಎಂಟಿ ವಾಚು ಅದು. ಅಪ್ಪ ಈಗಿಲ್ಲ. ನೀರು ತಾಗಿದರೆ ಕೆಡುತ್ತದೆಂದು ಕೆಲಸಕ್ಕೆ ಕೈಹಾಕುವ ಮುಂಚೆ ಬಿಚ್ಚಿಡುವುದು, ಬಸ್ಸಿಗೆ ಹೊರಡುವಾಗ ಕಟ್ಟಿಕೊಳ್ಳುವುದು ಅವಳ ರೂಢಿ.

"ಉದ್ದಿನ ಹಿಟ್ಟು ಕಲಸಿಟ್ಟಿದೀನಿ. ಇವತ್ತು ಹಪ್ಪಳ ಲಟ್ಟಿಸ್ಬೇಕು" ಅಂದರು ಜಗದಾಂಬಾ.

"ಇವತ್ತು ಶಿವಮೊಗ್ಗಕ್ಕೆ ಹೋಗ್ಬೇಕು ಅತ್ತೆ. ಮೇಷ್ಟ್ರು ಬರೋಕೆ ಹೇಳಿದಾರೆ."

"ಹೋದ ವಾರಾನೂ ಹೇಳಿದ್ರು."

"ಸಹಿ ಆಗೋವರೆಗೂ ಹೋಗ್ಲೇಬೇಕಲ್ಲ."

"ಒಂದು ಸಹಿ ಹಾಕೋಕೆ ಎಷ್ಟು ಭಾನುವಾರ ಬೇಕು ಮಾರಾಯ್ತಿ? ನಿಮ್ಮ ಮಾವ ದಿನಾ ಕಂತೆ ಬಿಲ್ಲಿಗೆ ಸಹಿ ಹಾಕ್ತಾರೆ, ಯಾರನ್ನೂ ವಾಪಸ್ ಕಳಿಸಿದ್ದಿಲ್ಲ."

ಚಂದ್ರಶೇಖರಪ್ಪನವರು ರೊಟ್ಟಿ ಮುರಿಯುತ್ತಾ ಹೌದು ಎಂದು ತಲೆ ಆಡಿಸಿದರು. ಸೊಸೆಯ ಪರ ಮಾತಾಡಿದ್ದು ಹತ್ತು ವರ್ಷದ ಮೊಮ್ಮಗಳು ಮೈತ್ರಿ ಒಬ್ಬಳೇ. "ಅಜ್ಜಿ, ಇವತ್ತು ಅಪ್ಪ ಲಟ್ಟಿಸ್ಲಿ" ಅಂದಳು. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಜ್ಞಾನೇಶ.

"ಸಂಜೆ ಬಂದು ಲಟ್ಟಿಸ್ತೀನಿ ಅತ್ತೆ" ಎಂದು ಅಮೂಲ್ಯ ವಾಚು ಕಟ್ಟಿಕೊಂಡಳು.

"ಸಂಜೆ ಬಿಸಿಲು ನಿನ್ನಪ್ಪನ ಮನೆಯಿಂದ ತರ್ತೀಯಾ ಒಣಗ್ಸೋಕೆ?"

ಇಂಥ ಮಾತಿಗೆ ಉತ್ತರ ಕೊಟ್ಟರೆ ಬಸ್ಸು ತಪ್ಪುತ್ತದೆ. ಅವಳು ಚಪ್ಪಲಿ ಮೆಟ್ಟಿ ಹೊರಟಳು.

ಗೈಡ್ ಪ್ರೊಫೆಸರ್ ಶ್ರೀನಿವಾಸಮೂರ್ತಿಯವರ ಮನೆ ಶಿವಮೊಗ್ಗದ ಸವಳಂಗ ರಸ್ತೆಯಿಂದ ಒಳಗೆ ಎರಡನೇ ತಿರುವಿನಲ್ಲಿ. ಮೆತ್ತಗೆ ಮಾತಾಡುವ, ಯಾರಿಗೂ ಏಕವಚನ ಬಳಸದ ಮನುಷ್ಯ. ಅಮೂಲ್ಯಳ ಪ್ರಬಂಧದ ವಿಷಯ ಆರಿಸಿಕೊಟ್ಟವರೂ ಅವರೇ: ಭದ್ರಾವತಿಯ ಕಾರ್ಮಿಕ ಕುಟುಂಬಗಳಲ್ಲಿ ಹೆಂಗಸರ ದುಡಿಮೆ. ಮನೆಯೊಳಗಿನ ದುಡಿಮೆಗೆ ಕೂಲಿಯೂ ಇಲ್ಲ, ಮರ್ಯಾದೆಯೂ ಇಲ್ಲ ಎಂಬುದನ್ನು ಅಂಕಿಅಂಶದ ಸಮೇತ ತೋರಿಸಬೇಕು ಎಂದಿದ್ದರು.

"ಬನ್ನಿ ಬನ್ನಿ" ಅಂದರು ಪೇಪರಿನಿಂದ ತಲೆ ಎತ್ತಿ. "ಕೊನೇ ಅಧ್ಯಾಯ ಒಂದ್ಸಲ ಕಣ್ಣಾಡಿಸ್ಬೇಕು. ಅಲ್ಲಿವರೆಗೆ ಒಳಗೆ ಕೂತ್ಕೊಳ್ಳಿ."

ಒಳಗೆ ಅಂದರೆ ಹಿತ್ತಲು. ಅದು ಶುರುವಾದದ್ದು ಸಂಕ್ರಾಂತಿಯ ನಂತರದ ಒಂದು ಭಾನುವಾರ. ಕೆಲಸದ ವೀರಮ್ಮ ಬಂದಿಲ್ಲ ಎಂದು ಪ್ರೊಫೆಸರ ಹೆಂಡತಿ ಮೀರಾ ಪಾತ್ರೆಯ ರಾಶಿ ನೋಡಿಕೊಂಡು ನಿಟ್ಟುಸಿರು ಬಿಟ್ಟಿದ್ದರು. ಸುಮ್ಮನೆ ಕೂತು ನೋಡುವುದು ಹೇಗೆಂದು ಅಮೂಲ್ಯ ಸೆರಗು ಸಿಕ್ಕಿಸಿದ್ದಳು. ಮುಂದಿನ ಭಾನುವಾರವೂ ವೀರಮ್ಮ ಬರಲಿಲ್ಲ. ಆಮೇಲೆ ಅವಳು ಭಾನುವಾರ ಬರುವುದನ್ನೇ ನಿಲ್ಲಿಸಿದಳೋ, ಇವರೇ ಬೇಡವೆಂದರೋ, ಅಮೂಲ್ಯ ಕೇಳಲಿಲ್ಲ.

"ತೊಳೆದದ್ದನ್ನ ಅಡುಗೆಮನೆ ಒಳಗೆ ತರೋದು ಬೇಡ ಅಮೂಲ್ಯ, ನಮ್ಮತ್ತೆ ಮಡೀಲಿರ್ತಾರೆ" ಅಂದರು ಮೀರಾ ಅಂದೂ ಎಂದಿನಂತೆ. "ನಲ್ಲಿ ಹತ್ರ ಬೋರಲು ಹಾಕ್ಬಿಡಿ. ಒಣಗಿದ ಮೇಲೆ ನಾನೇ ತಗೋತೀನಿ."

ಅಮೂಲ್ಯ ವಾಚು ಬಿಚ್ಚಿ ಹಿತ್ತಲ ಗೋಡೆಯ ಮೇಲಿಟ್ಟು ಕುಕ್ಕರಗಾಲಲ್ಲಿ ಕೂತಳು. ಅವಳಿಗೆ ಸಿಟ್ಟು ಬರುತ್ತಿತ್ತು. ತನ್ನ ಪ್ರಬಂಧದಲ್ಲಿ ತಾನೇ ಬರೆದದ್ದು ನೆನಪಾಗಿ ನಾಚಿಕೆಯೂ ಆಗುತ್ತಿತ್ತು. ಆದರೆ ಸಹಿ ಆಗಬೇಕಿತ್ತು. ಊಟದ ಹೊತ್ತಿಗೆ ಪ್ರೊಫೆಸರು ಕನ್ನಡಕ ತೆಗೆದಿಟ್ಟು, "ಚೆನ್ನಾಗಿ ಬಂದಿದೆ. ಮುಂದಿನ ಭಾನುವಾರ ನೋಡೋಣ" ಅಂದರು.

ಹೀಗೇ ಮೇ ತಿಂಗಳು ಬಂತು. ಜಗದಾಂಬಾರ ಚಿಕ್ಕಮ್ಮನ ಮಗಳು ಮಹಾಂತಮ್ಮ ಆ ತಿಂಗಳೇ ಸವಳಂಗ ರಸ್ತೆಯಲ್ಲಿ ಮನೆ ಮಾಡಿದಳು. ಅವಳ ಮನೆ ತಾರಸಿಯ ಮೇಲೆ ನಿಂತರೆ ಪ್ರೊಫೆಸರ ಹಿತ್ತಲು ಕಾಣುತ್ತದೆ. ಸಂಡಿಗೆ ಒಣಹಾಕಲು ಹತ್ತಿದವಳು ಇಳಿದು ಬಂದು ನೇರ ಫೋನಿಗೆ ಕೈ ಹಾಕಿದಳು.

"ಜಗದಾಂಬಕ್ಕ, ನಿನ್ನ ಸೊಸೆ ಭಾನುವಾರ ಎಲ್ಲಿಗೆ ಹೋಗ್ತಾಳೆ?"

"ಗೈಡ್ ಮನೆಗೆ. ಯಾಕೆ?"

"ಮುಸುರೆ ತಿಕ್ತಾ ಕೂತಿದಾಳೆ ಕಣೆ. ಕೆಲಸದೋಳು ಯಾರೋ ಲಕ್ಷಣವಾಗಿದಾಳೆ ಅಂತ ನೋಡ್ತಾ ನಿಂತಿದ್ದೆ. ಮುಖ ಎತ್ತಿದ್ರೆ ಅಮೂಲ್ಯ."

ಅವತ್ತು ರಾತ್ರಿ ಊಟಕ್ಕೆ ಹುರುಳಿಕಟ್ಟಿನ ಸಾರು. ಜಗದಾಂಬಾ ಎಲ್ಲರಿಗೂ ಬಡಿಸಿ, ಸೊಸೆಯ ತಟ್ಟೆಯ ಹತ್ತಿರ ಬಂದಾಗ ಸೌಟು ಕೆಳಗಿಟ್ಟರು.

"ಇಲ್ಲಿ ಹಪ್ಪಳ ಲಟ್ಟಿಸೋಕೆ ಕೈ ಇಲ್ಲ. ಅಲ್ಲಿ ಕಂಡೋರ ಎಂಜಲು ತೊಳೆಯೋಕೆ ಕೈ ಇದೆ. ಅಲ್ವೇನೆ?"

ಅಮೂಲ್ಯಳಿಗೆ ಗೊತ್ತಾಯಿತು. ತಟ್ಟೆ ನೋಡಿಕೊಂಡೇ ಹೇಳಿದಳು, "ಸಹಿಗೋಸ್ಕರ ಅತ್ತೆ. ಇನ್ನು ಸ್ವಲ್ಪ ದಿನ."

"ಏನು ವಿಷಯ?" ಅಂದರು ಚಂದ್ರಶೇಖರಪ್ಪನವರು. ಜಗದಾಂಬಾ ಹೇಳಿದರು. ಮಾವ ಅರ್ಧ ಊಟಕ್ಕೇ ಕೈ ತೊಳೆದುಬಿಟ್ಟರು. "ನಾಳೆ ಅಂಗಡಿಗೆ ಬಂದೋರು ಕೇಳಿದ್ರೆ ಏನು ಹೇಳ್ಲಿ ನಾನು? ನನ್ನ ಸೊಸೆ ಶಿವಮೊಗ್ಗದಲ್ಲಿ ಪಾತ್ರೆ ಕೆಲಸಕ್ಕೆ ಸೇರಿದಾಳೆ ಅನ್ಲಾ?"

"ಮಾವ, ಅವರ ಸಹಿ ಇಲ್ದೆ ಪ್ರಬಂಧಾನ ಯಾರೂ ಮುಟ್ಟಲ್ಲ. ಈ ತಿಂಗಳು ದಾಟಿದ್ರೆ ಐದು ವರ್ಷ ಓದಿದ್ದು ಹೋಗುತ್ತೆ, ಕಾಲೇಜೂ ಹೋಗುತ್ತೆ. ನನ್ನ ಮಾನ ನನಗೆ ಗೊತ್ತಿಲ್ವಾ? ಸಹಿ ಆದ ಮರುದಿನ ಆ ಬೀದಿಗೆ ಕಾಲಿಡಲ್ಲ."

"ನಿಂಗೆ ಗೊತ್ತಿತ್ತೇನೋ?" ಜಗದಾಂಬಾ ಮಗನ ಕಡೆ ತಿರುಗಿದರು.

ಜ್ಞಾನೇಶ ಅನ್ನ ಕಲಸುತ್ತಲೇ ಇದ್ದ. "ಸ್ವಲ್ಪ ಗೊತ್ತಿತ್ತು."

"ಹೆಂಡ್ತಿ ಮುಸುರೆ ತಿಕ್ಕೋದು ಸ್ವಲ್ಪ ಗೊತ್ತಾಗೋದು ಹೇಗೋ?"

ಅವನು ಮಜ್ಜಿಗೆ ಕೇಳಿದ. ಊಟ ಮುಗಿದು ಎಲ್ಲರೂ ಎದ್ದರು. ಅಮೂಲ್ಯ ವಾಚು ಬಿಚ್ಚಿ ಕಿಟಕಿಯ ಮೇಲಿಟ್ಟು ತಟ್ಟೆಗಳನ್ನು ಒಟ್ಟು ಮಾಡಿದಳು.

ಆಮೇಲಿನ ದಿನಗಳಲ್ಲಿ ಜಗದಾಂಬಾ ಮುಖ ತಿರುಗಿಸಿಕೊಂಡೇ ಓಡಾಡಿದರು. ಅಕ್ಕಿ ಸಂಡಿಗೆ, ಬಾಳಕದ ಮೆಣಸಿನಕಾಯಿ, ಮಗಳ ಮನೆಗೆ ಕಳಿಸುವ ಉಪ್ಪಿನಕಾಯಿ ಎಂದು ದಿನಕ್ಕೊಂದು ಹೊಸ ಕೆಲಸ ಹೊರಟಿತು. ಸೊಸೆ ಕೆಲಸ ಮುಗಿಸಿ ಪುಸ್ತಕ ಹಿಡಿದು ಕೂತರೆ, "ಮೈತ್ರಿ, ನಿಮ್ಮಮ್ಮಂಗೆ ಹೇಳು, ಮೇಷ್ಟ್ರ ಮನೆ ನೆಲ ಒರೆಸೋದು ಹೇಗೆ ಅಂತಾನೂ ಪುಸ್ತಕದಲ್ಲಿದೆಯಾ ನೋಡ್ಲಿ" ಅನ್ನುತ್ತಿದ್ದರು. ಮೈತ್ರಿ ಅದನ್ನು ಹಾಗೇ ಬಂದು ಅಮ್ಮನಿಗೆ ಹೇಳುತ್ತಿದ್ದಳು. ಮಕ್ಕಳಿಗೆ ಯಾವ ಮಾತನ್ನು ದಾಟಿಸಬಾರದೆಂದು ಆ ಮನೆಯಲ್ಲಿ ಯಾರೂ ಕಲಿಸಿರಲಿಲ್ಲ.

ಮೇ ಕೊನೆಯ ಭಾನುವಾರ ಪ್ರೊಫೆಸರ ಮಗಳ ನಿಶ್ಚಿತಾರ್ಥ. "ನೀವೂ ಊಟಕ್ಕೆ ಬನ್ನಿ" ಎಂದು ಪ್ರೊಫೆಸರೇ ಅಮೂಲ್ಯಳಿಗೆ ಹೇಳಿದ್ದರು. "ಗಂಡಿನ ಕಡೆಯವ್ರು ಹೊರಟ ಮೇಲೆ ಕೂತು ಸಹಿ ಹಾಕ್ಬಿಡ್ತೀನಿ." ಆ ರಾತ್ರಿಯೇ ಬಸ್ಸು ಹತ್ತಿದರೆ ಸೋಮವಾರ ವಿಶ್ವವಿದ್ಯಾಲಯದ ಕಚೇರಿ ತೆರೆಯುವ ಹೊತ್ತಿಗೆ ಒಪ್ಪಿಸಬಹುದು. ಸೋಮವಾರವೇ ಕೊನೆಯ ದಿನ. ಟಿಕೆಟ್ ಮಾಡಿಸಿ ಆಗಿತ್ತು.

ಶನಿವಾರ ಅಮೂಲ್ಯ ಹೆದರುತ್ತಲೇ ಕೇಳಿದಳು. ಜಗದಾಂಬಾ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಕೂತಿದ್ದರು. "ಹೋಗಿ ಬಾ. ಕೊನೇ ಸಲ ತಾನೇ" ಅಂದರು. ಅಷ್ಟು ಸುಲಭವಾಗಿ ಒಪ್ಪಿದ್ದು ಕಂಡು ಅಮೂಲ್ಯಳಿಗೆ ಅತ್ತೆಯ ಕಾಲಿಗೆ ಬೀಳೋಣ ಅನ್ನಿಸಿತು.

"ಅಮ್ಮನ ಹತ್ರ ಮಾತಾಡಿದೀನಿ. ಎಲ್ಲಾ ಸರಿಯಾಗುತ್ತೆ, ನೋಡ್ತಿರು" ಅಂದ ಜ್ಞಾನೇಶ.

ಅಮೂಲ್ಯ ತನ್ನ ಒಳ್ಳೆಯ ರೇಷ್ಮೆ ಸೀರೆ ಉಟ್ಟು ಹೊರಟಳು. ಊಟಕ್ಕೆ ಕರೆದಿದ್ದರಲ್ಲ. ಪ್ರಬಂಧದ ಪ್ರತಿಗಳನ್ನು ಪ್ರೊಫೆಸರ ಮೇಜಿನ ಮೇಲಿಟ್ಟು, ಸಹಿ ಹಾಕುವ ಹಾಳೆಗೆ ಗುರುತಿನ ಚೀಟಿ ಸಿಕ್ಕಿಸಿದಳು. ಪ್ರೊಫೆಸರು ಜೇಬು ಮುಟ್ಟಿ ತೋರಿಸಿದರು. "ಪೆನ್ನು ಇಲ್ಲೇ ಇದೆ. ಇವರೆಲ್ಲಾ ಹೋಗ್ಲಿ."

ಮೀರಾ ಬಂದು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಸೀರೆ ತುಂಬ ಚೆನ್ನಾಗಿದೆ. ಸ್ವಲ್ಪ ಮೇಲೆ ಸಿಕ್ಕಿಸ್ಕೊಳ್ಳಿ, ಒದ್ದೆಯಾಗುತ್ತೆ" ಅಂದರು.

ಮೊದಲ ಪಂಕ್ತಿ ಎದ್ದು ಎರಡನೆಯದು ಕೂತಿತ್ತು. ಹಿತ್ತಲಲ್ಲಿ ಸಾರಿನ ಕೊಳದಪ್ಪಲೆ, ಪಾಯಸದ ಪಾತ್ರೆ, ಬೆಳ್ಳಿ ಲೋಟಗಳು. ಬೆಳ್ಳಿ ಲೋಟ ಎಣಿಸಿ ಕೊಡಿ ಎಂದು ಮೀರಾ ಎರಡು ಸಲ ಬಂದು ಹೇಳಿ ಹೋಗಿದ್ದರು. ಅಮೂಲ್ಯ ಕೊಳದಪ್ಪಲೆಯೊಳಗೆ ಮೊಣಕೈವರೆಗೆ ಇಳಿದಿದ್ದಾಗ ಹಿತ್ತಲ ಗೇಟು ಕಿರ್ರೆಂದಿತು. ಮುಂದೆ ಮಹಾಂತಮ್ಮ, ಹಿಂದೆ ಜಗದಾಂಬಾ, ಅವರ ಹಿಂದೆ ನೆಲ ನೋಡುತ್ತಾ ಜ್ಞಾನೇಶ.

"ಏಳು" ಅಂದರು ಜಗದಾಂಬಾ.

"ಅತ್ತೆ, ಇನ್ನೊಂದು ಗಂಟೆ. ನಿಮ್ಮ ದಮ್ಮಯ್ಯ ಅಂತೀನಿ."

"ಏಳು ಅಂದೆ."

ರಟ್ಟೆ ಹಿಡಿದು ಎಬ್ಬಿಸಿ, ಒದ್ದೆ ಕೈ ಒರೆಸಿಕೊಳ್ಳಲೂ ಬಿಡದೆ, ಅಡುಗೆಮನೆಯ ಮೂಲಕವೇ ನಡುಮನೆಗೆ ಎಳೆದುಕೊಂಡು ಹೋದರು. ಮಡಿಯಲ್ಲಿದ್ದ ಮುದುಕಿ ಗೋಡೆಗೆ ಅಂಟಿಕೊಂಡಿತು. ನಡುಮನೆಯಲ್ಲಿ ಬೀಗರು, ಹರಿವಾಣ, ಹೂವು. ಊಟಕ್ಕೆ ಕೂತವರು ತುತ್ತು ಕೈಯಲ್ಲೇ ಹಿಡಿದು ನೋಡಿದರು.

"ಇವಳು ಭದ್ರಾವತಿ ಓಲ್ಡ್ ಟೌನ್ ಚಂದ್ರಶೇಖರಪ್ಪನವರ ಸೊಸೆ" ಅಂದರು ಜಗದಾಂಬಾ, ಎಲ್ಲರಿಗೂ ಕೇಳುವ ಹಾಗೆ. "ಕಾಲೇಜಲ್ಲಿ ಪಾಠ ಹೇಳೋಳು. ನಿಮ್ಮನೆ ಮುಸುರೆ ತಿಕ್ಕೋಕೆ ಬಂದೋಳಲ್ಲ. ಮೇಷ್ಟ್ರೇ, ವಾರ ವಾರ ಪಾತ್ರೆ ತೊಳೆಸ್ಕೊಂಡಿದ್ದು ಬಿಟ್ರೆ ನೀವು ಇವಳಿಗೆ ಇನ್ನೇನು ಕಲಿಸಿದೀರಿ? ನಾಲ್ಕು ಜನರ ಎದುರು ಹೇಳಿ."

ಅಮೂಲ್ಯಳ ಎದೆ ಒಂದು ಗಳಿಗೆ ಹಿಗ್ಗಿತು, ಸುಳ್ಳು ಹೇಳಬಾರದು. ಮದುವೆಯಾಗಿ ಬಂದ ಮೇಲೆ ಅತ್ತೆ ತನ್ನ ಪರವಾಗಿ ಬಾಯಿ ತೆರೆದದ್ದು ಅದೇ ಮೊದಲು. ಮೀರಾ ಮುಖ ಕೆಂಪಾಗಿ ನಿಂತದ್ದು ನೋಡಿ ಅವಳಿಗೆ ತಣ್ಣಗಾಯಿತು.

ಪ್ರೊಫೆಸರು ನಿಧಾನವಾಗಿ ಮೇಜಿನ ಹತ್ತಿರ ಹೋದರು. ಪ್ರತಿಗಳನ್ನು ಎತ್ತಿಕೊಂಡರು. ಗುರುತಿನ ಚೀಟಿಯನ್ನು ಎಳೆದು ತೆಗೆದು ಪಕ್ಕಕ್ಕಿಟ್ಟರು.

"ತಾಯಿ, ಈ ಕೆಲಸ ನನ್ನ ಮಾರ್ಗದರ್ಶನದಲ್ಲಿ ನಡೆದಿದೆ ಅಂತ ನಾನು ಸಹಿ ಹಾಕ್ಬೇಕಿತ್ತು" ಅಂದರು, ಅದೇ ಮೆತ್ತಗಿನ ದನಿಯಲ್ಲಿ. "ಇಲ್ಲಿ ನಡೆದದ್ದು ಪಾತ್ರೆ ತೊಳೆಯೋದು ಮಾತ್ರ ಅಂತ ನೀವೇ ಇಷ್ಟು ಜನರ ಎದುರು ಹೇಳಿದ್ರಿ. ಇನ್ನು ನಾನು ಸುಳ್ಳು ಸಹಿ ಹೇಗೆ ಹಾಕ್ಲಿ?"

"ಸರ್, ನಾನು ಹೇಳಿದ್ದಲ್ಲ" ಅಂದಳು ಅಮೂಲ್ಯ. ಅವಳ ಕೈಯಿಂದ ಸಾರಿನ ನೀರು ತೊಟ್ಟಿಕ್ಕುತ್ತಿತ್ತು. "ನೀವು ಓದಿದೀರಿ ಸರ್. ಚೆನ್ನಾಗಿದೆ ಅಂದಿದೀರಿ. ನಾಳೆ ಕೊನೇ ದಿನ."

"ನಿಮ್ಮ ಮನೆ ಹಿರಿಯರು ಹೇಳಿದ್ದಾರೆ. ಅವರ ಮಾತು ತೆಗೆದುಹಾಕೋಕೆ ನಾನು ಯಾರು?" ಎಂದು ಕಟ್ಟನ್ನು ಜ್ಞಾನೇಶನ ಕೈಗೆ ಕೊಟ್ಟು, "ಊಟ ಮಾಡ್ಕೊಂಡು ಹೋಗಿ" ಅಂದರು.

"ಇವರ ಮನೆ ಊಟ ಯಾರಿಗೆ ಬೇಕು. ನಡಿ" ಅಂದರು ಜಗದಾಂಬಾ.

ಅಂಗಡಿಯ ಓಮ್ನಿ ವ್ಯಾನು ಬೀದಿಯ ಕೊನೆಯಲ್ಲಿ ನಿಂತಿತ್ತು. ಮಹಾಂತಮ್ಮನೂ ಹತ್ತಿದಳು, ಇಂಥದ್ದನ್ನು ಕಂಡ ಮೇಲೆ ಭದ್ರಾವತಿಗೆ ಹೋಗಿ ಹೇಳದೆ ಇರಲಾದೀತೇ. ಬೈಪಾಸು ದಾಟುವವರೆಗೂ ಅಕ್ಕ ತಂಗಿಯರು ಮೀರಾಳ ಮುಖ ಹೇಗಾಯಿತೆಂದು ಮಾಡಿ ತೋರಿಸಿಕೊಂಡು ನಕ್ಕರು.

"ಗಾಡಿ ತಿರುಗ್ಸಿ ರೀ" ಅಂದಳು ಅಮೂಲ್ಯ. "ನಾನೊಬ್ಳೇ ಹೋಗ್ತೀನಿ. ಕಾಲು ಹಿಡ್ಕೋತೀನಿ. ಬಸ್ಸಿಗೆ ಇನ್ನೂ ಹೊತ್ತಿದೆ."

ಜ್ಞಾನೇಶ ಕನ್ನಡಿಯಲ್ಲಿ ಅಮ್ಮನ ಮುಖ ನೋಡಿದ.

"ಕಾಲು ಹಿಡಿಯೋಕೆ ಕಳಿಸೋದಾಗಿದ್ರೆ ನಾನ್ಯಾಕೆ ಇಷ್ಟು ದೂರ ಬರ್ತಿದ್ದೆ?" ಅಂದರು ಜಗದಾಂಬಾ. "ನಿನ್ನ ಮಾನ ಉಳಿಸಿದೀನಿ, ನೆನಪಿರ್ಲಿ."

"ಜನರ ಎದುರು ನಾಚ್ಕೊಂಡು ಅಲ್ಲೇ ಸಹಿ ಹಾಕ್ತಾರೆ ಅಂತ ಅಂದ್ಕೊಂಡಿದ್ದೆ" ಎಂದ ಜ್ಞಾನೇಶ ಮೆಲ್ಲಗೆ. "ಅಮ್ಮಂಗೂ ಹಾಗೇ ಹೇಳಿದ್ದೆ. ಹೋಗ್ಲಿ, ಹೊಸದಾಗಿ ರಿಜಿಸ್ಟರ್ ಮಾಡಿಸಿದ್ರಾಯ್ತು."

ಹೊಸದಾಗಿ ಐದು ವರ್ಷ. ಅಮೂಲ್ಯ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಮೇಲಿನ ಪ್ರತಿಯ ರಟ್ಟಿನ ಮೇಲೆ ಅವಳ ಒದ್ದೆ ಬೆರಳಿನ ಜಿಡ್ಡು ಹತ್ತಿತ್ತು. ಗಾಡಿ ತಿರುಗಲಿಲ್ಲ.

ಮನೆ ಬಾಗಿಲಲ್ಲಿ ಮೈತ್ರಿ ಓಡಿ ಬಂದಳು. "ಅಮ್ಮ, ಸಹಿ ಆಯ್ತಾ?"

"ಸಹಿಗಿಂತ ದೊಡ್ಡದು ಆಯ್ತು ಪುಟ್ಟಿ" ಅಂದರು ಅಜ್ಜಿ.

ಚಂದ್ರಶೇಖರಪ್ಪನವರು ನಡೆದದ್ದನ್ನೆಲ್ಲ ಎರಡು ಸಲ ಹೇಳಿಸಿಕೊಂಡು ಕೇಳಿದರು. ಎರಡನೇ ಸಲಕ್ಕೆ ಊಟಕ್ಕೆ ಕೂತವರ ಸಂಖ್ಯೆ ನೂರಾಯಿತು, ಪ್ರೊಫೆಸರು ಕೈಮುಗಿದರು ಎಂದೂ ಸೇರಿತು. "ಭೇಷ್" ಅಂದರು ಅವರು. "ನಮ್ಮನೆ ಸೊಸೆ ಅಂದ್ರೆ ಏನಂದ್ಕೊಂಡಿದಾರೆ. ಮಹಾಂತಮ್ಮ, ಊಟ ಮಾಡ್ಕೊಂಡೇ ಹೋಗ್ಬೇಕು ನೀನು." ಜಗದಾಂಬಾ ಶಾವಿಗೆ ಪಾಯಸ ಮಾಡಲು ಹೊರಟರು. ಏಲಕ್ಕಿಯ ಪರಿಮಳ ಬಂತು. ಅಮೂಲ್ಯ ನಡುಮನೆಯ ಕಂಬಕ್ಕೆ ಒರಗಿ ನಿಂತೇ ಇದ್ದಳು. ಅವಳನ್ನು ಯಾರೂ ಏನೂ ಕೇಳಲಿಲ್ಲ.

"ಅಮೂಲ್ಯ" ಎಂದು ಅಡುಗೆಮನೆಯಿಂದ ಕರೆದರು ಜಗದಾಂಬಾ. ದನಿಯಲ್ಲಿ ಎಂದೂ ಇಲ್ಲದ ಅಕ್ಕರೆ ಇತ್ತು. "ಬೆಳಿಗ್ಗೆ ತಿಂಡಿ ಪಾತ್ರೆ, ಮಧ್ಯಾಹ್ನದ್ದು, ಎಲ್ಲಾ ಹಾಗೇ ಬಿದ್ದಿದೆ ನೋಡು. ನಿನ್ನ ಕರ್ಕೊಂಡು ಬರೋ ಗಲಾಟೇಲಿ ಮನೆ ಕಡೆ ಯಾರೂ ನೋಡ್ಲಿಲ್ಲ. ಬಡಿಸೋಕೆ ಒಂದು ತಟ್ಟೆ ಇಲ್ಲ."

ಬಚ್ಚಲ ಪಕ್ಕದ ನಲ್ಲಿಯ ಹತ್ತಿರ ರಾಶಿ ಬಿದ್ದಿತ್ತು. ಅಮೂಲ್ಯ ಹೋಗಿ ನಿಂತಳು. ಜಗದಾಂಬಾ ಹಿಂದೆಯೇ ಬಂದು ಒಂದು ಮಣೆ ತಂದು ಹಾಕಿದರು. "ಕೂತ್ಕೊಂಡು ತಿಕ್ಕು. ಅಲ್ಲಿ ಕುಕ್ಕರಗಾಲಲ್ಲಿ ಕೂರ್ಸಿದ್ರಲ್ಲ ಪಾಪಿಗಳು. ಇದು ನಿನ್ನ ಮನೆ."

ರೂಢಿಯಂತೆ ಅಮೂಲ್ಯಳ ಬಲಗೈ ಎಡ ಮಣಿಕಟ್ಟಿಗೆ ಹೋಯಿತು. ಅಲ್ಲಿ ಏನೂ ಇರಲಿಲ್ಲ.

"ಅತ್ತೆ, ನನ್ನ ವಾಚು" ಅಂದಳು. ಅಷ್ಟು ಹೊತ್ತು ಬಾರದ ಅಳು ಆಗ ಬಂತು. "ಅವರ ಹಿತ್ತಲ ಗೋಡೆ ಮೇಲೇ ಉಳೀತು. ಅಪ್ಪ ಕೊಡಿಸಿದ್ದು."

ಜಗದಾಂಬಾ ಸೆರಗಿನಿಂದ ಸೊಸೆಯ ಕಣ್ಣು ಒರೆಸಿದರು.

"ಹೋಗ್ಲಿ ಬಿಡು ಮಾರಾಯ್ತಿ, ವಾಚಿಗೆಲ್ಲ ಅಳ್ತಾರಾ" ಅಂದರು. "ಇನ್ನು ಟೈಮ್ ನೋಡ್ಕೊಂಡು ನೀನು ಎಲ್ಲಿಗೆ ಹೋಗ್ಬೇಕಾಗಿದೆ?"

ಒಳಗೆ ಪಾಯಸ ಉಕ್ಕುತ್ತಿತ್ತು. ಅವರು ಒಳಗೆ ಹೋದರು. ಅಮೂಲ್ಯ ಮಣೆ ಎಳೆದುಕೊಂಡು ಕೂತು ನಲ್ಲಿ ತಿರುಗಿಸಿದಳು.